ಕೆಳಗಿನ ಲೀಗುಗಳ ಡಿಫೆಂಡರ್: ಕೋಚ್ ಆಗುವ ಮುಂಚಿನ ಫ್ರಾಂಕ್ ಶ್ಮಿಟ್

ಪ್ರಶ್ನೆ: ನಾವು ಹಾಸನದ ಕಡೆಯವರು. ಎಂಟು ವರ್ಷಗಳಿಂದ ಜರ್ಮನಿಯ ಉಲ್ಮ್ ನಗರದ ಸಮೀಪ ನೆಲೆಸಿದ್ದೇವೆ. 17 ವರ್ಷದ ನಮ್ಮ ಮಗ ಇಲ್ಲಿನ ಊರ ಕ್ಲಬ್ಬಿನಲ್ಲಿ ಸೆಂಟರ್ ಬ್ಯಾಕ್ (ರಕ್ಷಣಾ ಸಾಲಿನ ನಡುವೆ ನಿಲ್ಲುವ ಡಿಫೆಂಡರ್) ಆಗಿ ಫುಟ್‌ಬಾಲ್ ಆಡುತ್ತಾನೆ. ಇಲ್ಲಿನ ಅತ್ಯುನ್ನತ ಲೀಗಾದ ಬುಂಡೆಸ್‌ಲಿಗಾದ ಮಾತು ಬೇಡ, ಆದರೆ ನಾಲ್ಕನೆಯ ಅಥವಾ ಐದನೆಯ ದರ್ಜೆಯಲ್ಲಿ ಧಾರಾಳವಾಗಿ ಆಡಬಲ್ಲ ಎನ್ನುವುದು ಅವನ ಕೋಚ್ ಅಭಿಪ್ರಾಯ. ಒಂದು ಒಬರ್‌ಲಿಗಾ (ಐದನೆಯ ದರ್ಜೆ) ಕ್ಲಬ್ ಬರುವ ಋತುವಿಗೆ ಅವನನ್ನು ಕರೆದಿದೆ. ಅವನೋ, ಈಗಷ್ಟೇ ಸೇರಿರುವ ಮೂರು ವರ್ಷದ ವೃತ್ತಿ ತರಬೇತಿಯನ್ನು ಬಿಟ್ಟು ಪೂರ್ತಿ ಆಟಕ್ಕೇ ನಿಲ್ಲುತ್ತೇನೆ ಎನ್ನುತ್ತಿದ್ದಾನೆ. ಇಂಥ ಲೀಗುಗಳಲ್ಲಿ ಡಿಫೆಂಡರ್ ಆಗಿ ಹತ್ತು ಹದಿನೈದು ವರ್ಷ ಕಳೆದವರ ಬದುಕು ನಿಜಕ್ಕೂ ಹೇಗಿರುತ್ತದೆ ಎಂಬುದನ್ನು ಯಾರಾದರೊಬ್ಬರ ಉದಾಹರಣೆಯೊಂದಿಗೆ ತಿಳಿಸುವಿರಾ?

ಉತ್ತರ: ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಉಲ್ಮ್‌ನಿಂದ ಆಲೆನ್ ಕಡೆಗೆ ಹೋಗುವ ರೈಲು ಹತ್ತಿದರೆ ನಡುದಾರಿಯಲ್ಲಿ ಹೈಡನ್‌ಹೈಮ್ ಸಿಗುತ್ತದೆ. ಗುಡ್ಡದ ಮೇಲೊಂದು ಕೋಟೆ, ಕೆಳಗೆ ಕಾಗದದ ಯಂತ್ರಗಳನ್ನೂ ಟರ್ಬೈನುಗಳನ್ನೂ ತಯಾರಿಸುವ ಹಳೆಯ ಕಾರ್ಖಾನೆ, ಸುಮಾರು 50,000 ಜನ. ಅಷ್ಟೇ ಆ ಪಟ್ಟಣ. ಅಲ್ಲಿನ ತಂಡವನ್ನು 2007ರಲ್ಲಿ ಕೈಗೆತ್ತಿಕೊಂಡು 2023ರಲ್ಲಿ ಬುಂಡೆಸ್‌ಲಿಗಾಕ್ಕೆ ಮುಟ್ಟಿಸಿದ ಫ್ರಾಂಕ್ ಶ್ಮಿಟ್ ಅವರ ಹೆಸರನ್ನು ನಿಮ್ಮ ಮಗ ಕೇಳಿಯೇ ಇರುತ್ತಾನೆ. ಅವರ ಬಗ್ಗೆ ಬರೆಯುವವರೆಲ್ಲ ಕೋಚ್ ಶ್ಮಿಟ್ ಬಗ್ಗೆ ಬರೆಯುತ್ತಾರೆ. ಅದಕ್ಕೂ ಮುಂಚೆ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಅಲೆದಾಡಿದ ಡಿಫೆಂಡರ್ ಶ್ಮಿಟ್ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಆ ಒಂದು ಸಾಲೇ ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲೇ ನನ್ನ ಅಭಿಪ್ರಾಯ ತಿಳಿಸಿಬಿಡುವುದಾದರೆ, ಕೆಳಗಿನ ಲೀಗುಗಳಲ್ಲಿ ಆಡುವ ಡಿಫೆಂಡರ್‌ನ ವೃತ್ತಿಯ ತಿರುವುಗಳು ಅವನ ಆಟದಿಂದ ಬರುವುದಕ್ಕಿಂತ ಹೆಚ್ಚಾಗಿ ಅವನ ಕ್ಲಬ್ಬಿನ ಲೆಕ್ಕಪತ್ರದಿಂದ ಬರುತ್ತವೆ. ಇದನ್ನು 17ರ ಹುಡುಗನಿಗೆ ಅರ್ಥ ಮಾಡಿಸುವುದು ಕಷ್ಟ, ಆದರೆ ಅವನ ತಾಯಿ ತಂದೆಗೆ ಗೊತ್ತಿರಬೇಕು.

ಏಣಿಯ ಮೆಟ್ಟಿಲುಗಳನ್ನು ಚುಟುಕಾಗಿ ನೋಡಿಬಿಡೋಣ. 1963ರಲ್ಲಿ ಆರಂಭವಾದ ಬುಂಡೆಸ್‌ಲಿಗಾ ಮತ್ತು ಅದರ ಕೆಳಗಿನ ಎರಡನೆಯ ಬುಂಡೆಸ್‌ಲಿಗಾದಲ್ಲಿ ತಲಾ 18 ತಂಡಗಳಿವೆ. 2008ರಲ್ಲಿ ಹುಟ್ಟಿದ ಮೂರನೆಯ ಲಿಗಾದಲ್ಲಿ 20. ದೇಶಕ್ಕೆಲ್ಲ ಒಂದೇ ಪಟ್ಟಿ ಎನ್ನುವುದು ಅಲ್ಲಿಗೆ ಮುಗಿಯುತ್ತದೆ. ನಾಲ್ಕನೆಯದಾದ ರೆಗಿಯೊನಲ್‌ಲಿಗಾವನ್ನು 2012ರಿಂದ ಐದು ಪ್ರಾದೇಶಿಕ ವಿಭಾಗಗಳಾಗಿ ಹಂಚಿದ್ದಾರೆ; ಐದನೆಯದಾದ ಒಬರ್‌ಲಿಗಾಕ್ಕೆ 14 ವಿಭಾಗಗಳು. ಅದರ ಕೆಳಗೆ ಫೆರ್‌ಬಾಂಡ್ಸ್‌ಲಿಗಾ, ಲಾಂಡೆಸ್‌ಲಿಗಾ ಎಂದು ಇಳಿಯುತ್ತಾ ಹೋದರೆ ಕೊನೆಗೆ ನಮ್ಮ ತಾಲ್ಲೂಕು ಮಟ್ಟದ ಪಂದ್ಯಾವಳಿಯನ್ನು ನೆನಪಿಸುವ ಕ್ರೈಸ್‌ಲಿಗಾ ಸಿಗುತ್ತದೆ. ಮೇಲೇರುವ ಬಾಗಿಲು ಎಲ್ಲಕ್ಕಿಂತ ಕಿರಿದಾಗಿರುವುದು ನಾಲ್ಕನೆಯ ದರ್ಜೆಯಲ್ಲಿ. ಐದು ವಿಭಾಗಗಳಿಂದ ಐದು ಚಾಂಪಿಯನ್ ತಂಡಗಳು ಬರುತ್ತವೆ, ಇತ್ತೀಚಿನ ಋತುಗಳಲ್ಲಿ ಮೇಲೆ ಹೋಗಲು ಇರುವ ಜಾಗ ನಾಲ್ಕೇ. ಹಿಂದೆ ಇನ್ನೂ ಕಡಿಮೆ ಇತ್ತು. ವಾಲ್ಡ್‌ಹೋಫ್ ಮಾನ್‌ಹೈಮ್ ಎಂಬ ಹಳೆಯ ಕ್ಲಬ್ 2016, 2017, 2018 ಹೀಗೆ ಸತತ ಮೂರು ವರ್ಷ ಕೊನೆಯ ನಿರ್ಣಾಯಕ ಪಂದ್ಯಗಳಲ್ಲಿ ಸೋತು ಅಲ್ಲೇ ಉಳಿಯಿತು. ಆ ಮೂರೂ ವರ್ಷ ಚೆನ್ನಾಗಿಯೇ ಆಡಿದ ಒಬ್ಬ ಡಿಫೆಂಡರ್ ಇದ್ದಿದ್ದರೆ, ಅವನ ವೃತ್ತಿಪಟ್ಟಿಯಲ್ಲಿ ಉಳಿಯುವುದು ‘ನಾಲ್ಕನೆಯ ದರ್ಜೆ’ ಎಂಬುದೊಂದೇ.

ಶ್ಮಿಟ್ ಹುಟ್ಟಿದ್ದು 1974ರ ಜನವರಿ 3ರಂದು, ಹೈಡನ್‌ಹೈಮ್‌ನಲ್ಲಿ. ಕಲಿತದ್ದು ನ್ಯೂರೆಂಬರ್ಗ್ ಕ್ಲಬ್ಬಿನ ಕಿರಿಯರ ತಂಡದಲ್ಲಿ. ದೊಡ್ಡ ಕ್ಲಬ್ಬಿನಲ್ಲಿ ಕಲಿತು, ಅದರ ಮೊದಲ ತಂಡದಲ್ಲಿ ಜಾಗ ಸಿಗದೆ, ಇಪ್ಪತ್ತರ ವಯಸ್ಸಿಗೆ ಕೆಳಗಿಳಿದು ಆಟ ಹುಡುಕಿಕೊಳ್ಳುವುದು ಇಂದಿಗೂ ಸಾವಿರಾರು ಜರ್ಮನ್ ಹುಡುಗರ ದಾರಿ. ಶ್ಮಿಟ್ ಕೂಡ ಅದನ್ನೇ ಹಿಡಿದರು. ಅವರು ಸೇರಿದ್ದು ಫೆಸ್ಟನ್‌ಬರ್ಗ್ಸ್‌ಗ್ರೊಯ್ಟ್ ಎಂಬ, ಉಚ್ಚರಿಸಲೂ ಕಷ್ಟವಾದ ಒಂದು ಹಳ್ಳಿಯ ತಂಡವನ್ನು. ಫ್ರಾಂಕೋನಿಯಾ ಪ್ರದೇಶದ ಆ ಹಳ್ಳಿಯಲ್ಲಿ ಗಿಡಮೂಲಿಕೆ ಮತ್ತು ಚಹಾ ವ್ಯಾಪಾರದ ದೊಡ್ಡ ಕಂಪನಿಯೊಂದಿತ್ತು, ಅದರ ಬೆಂಬಲದಿಂದ ತಂಡ ಆಗಿನ ಮೂರನೆಯ ದರ್ಜೆಯವರೆಗೆ ಏರಿತ್ತು. 1994ರ ಆಗಸ್ಟ್ 14ರಂದು ಜರ್ಮನ್ ಕಪ್‌ನ ಮೊದಲ ಸುತ್ತಿನಲ್ಲಿ ಈ ಹಳ್ಳಿಯವರು ಜಿಯೊವಾನಿ ಟ್ರಪಟೋನಿ ತರಬೇತಿಯ ಬಯರ್ನ್ ಮ್ಯೂನಿಕ್ ತಂಡವನ್ನು 1-0ರಿಂದ ಸೋಲಿಸಿದರು. ಗೋಲು ಹೊಡೆದದ್ದು ರೋಲಂಡ್ ಸ್ಟೈನ್, ಮಧ್ಯಂತರಕ್ಕೆ ಸ್ವಲ್ಪ ಮುಂಚೆ, ತಲೆಯಿಂದ. ಜರ್ಮನಿಯಲ್ಲಿ ಕಪ್ ಪಂದ್ಯಗಳ ಅಚ್ಚರಿಗಳ ಮಾತು ಬಂದಾಗಲೆಲ್ಲ ಆ ಗೋಲಿನ ಪ್ರಸ್ತಾಪ ಬರುತ್ತದೆ. ಆ ತಂಡದಲ್ಲಿ 20ರ ಹರೆಯದ ಶ್ಮಿಟ್ ಇದ್ದರು. ಮುಂದಿನ ಅರ್ಧ ಪಂದ್ಯಪೂರ್ತಿ ಆ ಒಂದು ಗೋಲನ್ನು ಕಾಪಾಡಿದವರ ಹೆಸರುಗಳನ್ನು ಕೇಳಿದರೆ ಮಾತ್ರ ಜನ ತಲೆ ಕೆರೆದುಕೊಳ್ಳುತ್ತಾರೆ. ಡಿಫೆಂಡರ್ ಆಗುತ್ತೇನೆ ಎನ್ನುವವನು ಈ ಲೆಕ್ಕವನ್ನು ಮೊದಲ ದಿನವೇ ಒಪ್ಪಿಕೊಂಡಿರಬೇಕು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಕ್ಲಬ್ಬಿನ ಫುಟ್‌ಬಾಲ್ ವಿಭಾಗವೇ ಇಲ್ಲವಾಯಿತು. 1914, 1926 ಮತ್ತು 1929ರಲ್ಲಿ ಜರ್ಮನ್ ಚಾಂಪಿಯನ್ ಆಗಿದ್ದು ನಂತರ ಬಡವಾಗಿದ್ದ ಫ್ಯೂರ್ತ್ ಕ್ಲಬ್ಬಿನೊಂದಿಗೆ 1996ರ ಜುಲೈಯಲ್ಲಿ ಅದು ವಿಲೀನಗೊಂಡಿತು. ಹಳ್ಳಿಯ ಬಳಿ ಹಣವಿತ್ತು, ಪಟ್ಟಣದ ಬಳಿ ಹೆಸರೂ ಮೈದಾನವೂ ಇದ್ದವು. ಗ್ರೊಯ್ಟರ್ ಫ್ಯೂರ್ತ್ ಎಂಬ ಇಂದಿನ ಹೆಸರಿನ ಮೊದಲರ್ಧದಲ್ಲಿ ಉಳಿದಿರುವುದು ಆ ಹಳ್ಳಿ. ವಿಲೀನವೆಂದರೆ ಎರಡು ತಂಡಗಳ ಆಟಗಾರರಿಗೆ ಒಂದು ತಂಡದ ಜಾಗಗಳು. ಶ್ಮಿಟ್ ಫ್ಯೂರ್ತ್‌ನಲ್ಲಿ ಆಡಿದರು, ಅಲ್ಲಿಂದ ಗಡಿ ದಾಟಿ ಆಸ್ಟ್ರಿಯಾದ ಅತ್ಯಂತ ಹಳೆಯ ಕ್ಲಬ್ ಆದ ಫಸ್ಟ್ ವಿಯೆನ್ನಾಕ್ಕೆ ಹೋದರು, ಮತ್ತೆ ಜರ್ಮನಿಗೆ ಮರಳಿ ಬೆಲ್ಜಿಯಂ ಗಡಿಯ ಆಖೆನ್ ನಗರದ ಅಲೆಮಾನಿಯಾ ತಂಡ ಸೇರಿದರು. ನಕ್ಷೆ ತೆಗೆದು ನೋಡಿ. ಯೂರೋಪಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮನೆ ಸಾಮಾನು ಸಾಗಿಸಿದಂತಿದೆ.

ಅಲೆಮಾನಿಯಾ ಆಗ ಮೂರನೆಯ ದರ್ಜೆಯಲ್ಲಿತ್ತು. 1999ರ ವಸಂತದಲ್ಲಿ ಮೇಲೇರುವುದು ಬಹುತೇಕ ಖಚಿತವಾಗಿದ್ದಾಗ, ಮೇ 11ರಂದು, ಕೋಚ್ ವೆರ್ನರ್ ಫುಕ್ಸ್ ತಂಡದೊಂದಿಗೆ ಕಾಡಿನಲ್ಲಿ ಓಡುತ್ತಿರುವಾಗ ಕುಸಿದು ತೀರಿಕೊಂಡರು. ತಂಡ ಕೆಲವೇ ದಿನಗಳಲ್ಲಿ ಎರಡನೆಯ ಬುಂಡೆಸ್‌ಲಿಗಾಕ್ಕೆ ಏರಿತು. ಒಬ್ಬ ಕೆಳ ಲೀಗಿನ ಆಟಗಾರನ ಪಾಲಿಗೆ ಕೋಚ್ ಎಂದರೆ ಬರೀ ಪಾಠ ಹೇಳುವವನಲ್ಲ. ಅವನನ್ನು ಕರೆತಂದವನು, ಅವನ ಜಾಗವನ್ನು ಕಾಯುವವನು, ಮುಂದಿನ ಕ್ಲಬ್ಬಿಗೆ ಹೋಗುವಾಗ ಫೋನ್ ಮಾಡಿ ಎರಡು ಒಳ್ಳೆಯ ಮಾತು ಹೇಳುವವನು. ಆ ಕೋಚ್ ಇಲ್ಲವಾದರೆ ಆಟಗಾರ ಮತ್ತೆ ಮೊದಲಿನಿಂದ ತನ್ನನ್ನು ತೋರಿಸಿಕೊಳ್ಳಬೇಕಾಗುತ್ತದೆ.

ಆಖೆನ್ ನಂತರ ಶ್ಮಿಟ್ ಸೇರಿದ್ದು ಎರಡನೆಯ ಬುಂಡೆಸ್‌ಲಿಗಾದಲ್ಲಿದ್ದ ವಾಲ್ಡ್‌ಹೋಫ್ ಮಾನ್‌ಹೈಮ್ ತಂಡವನ್ನು. 2003ರಲ್ಲಿ ಆ ತಂಡ ಕೊನೆಯ ಸ್ಥಾನಗಳಿಗೆ ಕುಸಿದು ಹೊರಬಿತ್ತು. ಆಟದ ನಿಯಮದ ಪ್ರಕಾರ ಒಂದು ಮೆಟ್ಟಿಲು ಇಳಿಯಬೇಕಿತ್ತು. ಆದರೆ ಹಣದ ಸ್ಥಿತಿ ನೋಡಿ ಜರ್ಮನ್ ಫುಟ್‌ಬಾಲ್ ಸಂಸ್ಥೆ ಮೂರನೆಯ ದರ್ಜೆಯ ಲೈಸೆನ್ಸನ್ನೂ ಕೊಡಲಿಲ್ಲ, ಕ್ಲಬ್ ನೇರವಾಗಿ ನಾಲ್ಕನೆಯ ದರ್ಜೆಗೆ ಬಿತ್ತು. ಇಲ್ಲಿ ಒಂದು ಕ್ಷಣ ನಿಲ್ಲೋಣ. ಮೈದಾನದಲ್ಲಿ ನಡೆದ ಪಂದ್ಯಗಳ ಫಲಿತಾಂಶವನ್ನು ಕಚೇರಿಯೊಂದರಲ್ಲಿ ಕುಳಿತ ಲೆಕ್ಕ ಪರಿಶೋಧಕರು ಇನ್ನೊಂದು ಮೆಟ್ಟಿಲು ಕೆಳಗೆ ತಳ್ಳಿದರು. ಡ್ರೆಸಿಂಗ್ ರೂಮಿನಲ್ಲಿದ್ದ ಇಪ್ಪತ್ತೈದು ಮಂದಿಗೆ ಇದರ ಮೇಲೆ ಯಾವ ಹಿಡಿತವೂ ಇರಲಿಲ್ಲ. ಶ್ಮಿಟ್‌ಗೆ ಆಗ 29 ವರ್ಷ. ಸೆಂಟರ್ ಬ್ಯಾಕ್‌ಗೆ ಅದು ವಯಸ್ಸಾದ ಲೆಕ್ಕವಲ್ಲ, ಇನ್ನೂ ನಾಲ್ಕೈದು ಒಳ್ಳೆಯ ವರ್ಷಗಳಿರುತ್ತವೆ. ಅವರು ಮಾಡಿದ ಆಯ್ಕೆ ಮಾತ್ರ ಹೊರಗಿನವರಿಗೆ ವಿಚಿತ್ರವಾಗಿ ಕಂಡಿರಬಹುದು: ಹುಟ್ಟೂರಿಗೆ ಮರಳಿ, ಆಗ ಐದನೆಯ ದರ್ಜೆಯಾಗಿದ್ದ ಫೆರ್‌ಬಾಂಡ್ಸ್‌ಲಿಗಾದಲ್ಲಿ ಆಡುತ್ತಿದ್ದ ಹೈಡನ್‌ಹೈಮ್ ತಂಡ ಸೇರಿದರು. ಒಂದೇ ಬೇಸಿಗೆಯಲ್ಲಿ ಎರಡರಿಂದ ಐದಕ್ಕೆ.

ನನ್ನ ಪ್ರಕಾರ ಇಡೀ ವೃತ್ತಿಯಲ್ಲಿ ಅವರೇ ಸ್ವತಃ ತೆಗೆದುಕೊಂಡ ಮುಖ್ಯ ನಿರ್ಧಾರ ಇದೊಂದೇ. ತಂಡ 2004ರಲ್ಲಿ ಒಬರ್‌ಲಿಗಾಕ್ಕೆ ಏರಿತು. 2007ರಲ್ಲಿ ಶ್ಮಿಟ್ ಆಟ ನಿಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ಲಬ್ ತನ್ನ ಕೋಚನ್ನು ಕೈಬಿಟ್ಟಾಗ ಎರಡು ಪಂದ್ಯಗಳ ಮಟ್ಟಿಗೆ ನಿಭಾಯಿಸಿಕೊಡಿ ಎಂದು ಅವರನ್ನು ಕೇಳಿಕೊಂಡರು. ಆ ಎರಡು ಪಂದ್ಯ ಮುಗಿದ ಮೇಲೂ ಅವರು ಹೋಗಲಿಲ್ಲ. 2008ರಲ್ಲಿ ರೆಗಿಯೊನಲ್‌ಲಿಗಾ, 2009ರಲ್ಲಿ ಮೂರನೆಯ ಲಿಗಾ, 2014ರಲ್ಲಿ ಎರಡನೆಯ ಬುಂಡೆಸ್‌ಲಿಗಾ. 2023ರ ಮೇ 28ರಂದು ರೀಗನ್ಸ್‌ಬರ್ಗ್‌ನಲ್ಲಿ 0-2ರಿಂದ ಹಿಂದಿದ್ದ ತಂಡ, 90 ನಿಮಿಷ ಮುಗಿದ ಮೇಲಿನ ಹೆಚ್ಚುವರಿ ನಿಮಿಷಗಳಲ್ಲೇ ಎರಡು ಗೋಲು ಹೊಡೆದು 3-2ರಿಂದ ಗೆದ್ದು ಬುಂಡೆಸ್‌ಲಿಗಾಕ್ಕೆ ಏರಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಫ್ರೈಬರ್ಗ್ ಕ್ಲಬ್ಬಿನಲ್ಲಿ 16 ವರ್ಷ ಕೋಚ್ ಆಗಿದ್ದ ಫೋಲ್ಕರ್ ಫಿಂಕೆ ಅವರ ದಾಖಲೆಯನ್ನು ಶ್ಮಿಟ್ ದಾಟಿದರು. 2024ರ ಏಪ್ರಿಲ್ 6ರಂದು ಹೈಡನ್‌ಹೈಮ್ ತನ್ನ ಮೈದಾನದಲ್ಲಿ ಬಯರ್ನ್ ತಂಡವನ್ನು 3-2ರಿಂದ ಸೋಲಿಸಿದಾಗ, ಫೆಸ್ಟನ್‌ಬರ್ಗ್ಸ್‌ಗ್ರೊಯ್ಟ್‌ನ ಆ ಮಧ್ಯಾಹ್ನಕ್ಕೆ ಸುಮಾರು ಮೂವತ್ತು ವರ್ಷವಾಗಿತ್ತು. ಕೋಚ್ ಕತೆಯನ್ನು ಇಷ್ಟಕ್ಕೇ ಬಿಡುತ್ತೇನೆ, ಏಕೆಂದರೆ ಸಾವಿರ ಕೆಳ ಲೀಗಿನ ಡಿಫೆಂಡರ್‌ಗಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಉಳಿದ 999 ಮಂದಿಯ ಬದುಕು 2003ರವರೆಗಿನ ಶ್ಮಿಟ್ ಬದುಕಿನಂತೆಯೇ ಇರುತ್ತದೆ.

ಡಿಫೆಂಡರ್‌ಗಳೇ ಏಕೆ ಹೀಗೆ ಕೋಚ್ ಆಗುತ್ತಾರೆ ಎಂಬುದಕ್ಕೆ ನಿಮ್ಮ ಉಲ್ಮ್ ನಗರವೇ ಒಂದು ಉತ್ತರ ಕೊಡುತ್ತದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ತೊಂಬತ್ತರ ದಶಕದ ಜರ್ಮನಿಯಲ್ಲಿ ಬಹುತೇಕ ತಂಡಗಳು ಹಿಂದೆ ಒಬ್ಬ ‘ಲಿಬೆರೊ’ನನ್ನು, ಅಂದರೆ ಯಾರನ್ನೂ ಹಿಂಬಾಲಿಸದೆ ಎಲ್ಲರ ಹಿಂದೆ ಸ್ವತಂತ್ರವಾಗಿ ನಿಲ್ಲುವ ಡಿಫೆಂಡರನ್ನು, ಇಟ್ಟುಕೊಂಡು, ಅವನ ಮುಂದಿನ ಇಬ್ಬರು ಎದುರಾಳಿ ಫಾರ್ವರ್ಡ್‌ಗಳ ನೆರಳಿನಂತೆ ಮೈದಾನವೆಲ್ಲ ಸುತ್ತುವ ಪದ್ಧತಿಯಲ್ಲಿ ಆಡುತ್ತಿದ್ದವು. ಉಲ್ಮ್ ತಂಡದ ಕೋಚ್ ಆಗಿ ಬಂದ ರಾಲ್ಫ್ ರಾಂಗ್ನಿಕ್ ಮೂರನೆಯ ದರ್ಜೆಯಲ್ಲೇ ಆ ಪದ್ಧತಿ ಬಿಟ್ಟು, ನಾಲ್ವರು ಒಂದೇ ಸಾಲಿನಲ್ಲಿ ನಿಂತು ವ್ಯಕ್ತಿಯ ಬದಲು ಜಾಗವನ್ನು ಕಾಯುವ ಆಟವನ್ನು ಆಡಿಸಿದರು. 1998ರಲ್ಲಿ ತಂಡ ಎರಡನೆಯ ಬುಂಡೆಸ್‌ಲಿಗಾಕ್ಕೆ ಏರಿತು. ಅದೇ ಡಿಸೆಂಬರ್‌ನಲ್ಲಿ ರಾಂಗ್ನಿಕ್ ಟಿವಿ ಕಾರ್ಯಕ್ರಮವೊಂದರಲ್ಲಿ ಫಲಕದ ಮೇಲೆ ಇದನ್ನೆಲ್ಲ ವಿವರಿಸಿದಾಗ ಹಲವರು ಅವರನ್ನು ‘ಪ್ರೊಫೆಸರ್’ ಎಂದು ಗೇಲಿ ಮಾಡಿದರು. ಆ ಉಲ್ಮ್ ತಂಡದಲ್ಲಿ 1994ರಿಂದ ಥಾಮಸ್ ಟುಖೆಲ್ ಎಂಬ ಡಿಫೆಂಡರ್ ಇದ್ದರು, ಶ್ಮಿಟ್‌ಗಿಂತ ನಾಲ್ಕು ತಿಂಗಳು ದೊಡ್ಡವರು, ಅದೇ ದಕ್ಷಿಣ ವಿಭಾಗದ ಲೀಗಿನಲ್ಲಿ ಆಡುತ್ತಿದ್ದವರು. ಮೊಣಕಾಲಿನ ಮೃದ್ವಸ್ಥಿ ಹಾಳಾಗಿ 1998ರಲ್ಲಿ, 25ರ ಆಸುಪಾಸಿನಲ್ಲಿ, ಅವರ ಆಟ ನಿಂತುಹೋಯಿತು. ಸ್ಟುಟ್‌ಗಾರ್ಟ್‌ನ ಬಾರೊಂದರಲ್ಲಿ ಕೆಲಸ ಮಾಡುತ್ತಾ ವಾಣಿಜ್ಯ ಓದಿದರು. ನಂತರ ರಾಂಗ್ನಿಕ್ ಅವರೇ ಸ್ಟುಟ್‌ಗಾರ್ಟ್ ಕ್ಲಬ್ಬಿನ ಕಿರಿಯರನ್ನು ತರಬೇತುಗೊಳಿಸಲು ಕರೆದರು. ಕೆಲವು ವರ್ಷಗಳ ಬಳಿಕ ಔಗ್ಸ್‌ಬರ್ಗ್‌ನ ಎರಡನೆಯ ತಂಡದಲ್ಲಿ ಟುಖೆಲ್ ಕೈಕೆಳಗಿದ್ದ ಇನ್ನೊಬ್ಬ ಡಿಫೆಂಡರ್ ಹುಡುಗನ ಮೊಣಕಾಲೂ ಕೈಕೊಟ್ಟಿತು. ಟುಖೆಲ್ ಅವನನ್ನು ಎದುರಾಳಿಗಳ ಪಂದ್ಯ ನೋಡಿ ವರದಿ ಕೊಡುವ ಕೆಲಸಕ್ಕೆ ಹಚ್ಚಿದರು. ಆ ಹುಡುಗ ಯುಲಿಯಾನ್ ನಾಗಲ್ಸ್‌ಮನ್, 2023ರಲ್ಲಿ ಜರ್ಮನ್ ರಾಷ್ಟ್ರೀಯ ತಂಡದ ಕೋಚ್ ಆದವರು.

ಈ ಡಿಫೆಂಡರ್‌ಗಳು ಯಾವ ಕಲಿಕೆಯನ್ನು ಹೊತ್ತು ಹೊರಬಂದರು ಎಂಬುದನ್ನು ಹತ್ತಿರದಿಂದ ನೋಡಬೇಕಾದರೆ ದೊಡ್ಡ ಕ್ರೀಡಾಂಗಣಕ್ಕಿಂತ ಒಬರ್‌ಲಿಗಾ ಮೈದಾನವೇ ಉತ್ತಮ. ಕೆಲವು ವರ್ಷಗಳ ಹಿಂದೆ ನಿಮ್ಮ ಭಾಗದ ಅಂಥದೊಂದು ಪಂದ್ಯವನ್ನು ಗೆರೆಯ ಪಕ್ಕದ ಕಬ್ಬಿಣದ ಕಂಬಿಗೆ ಒರಗಿ ನೋಡಿದ್ದೆ. ಶನಿವಾರ ಮಧ್ಯಾಹ್ನ, ನಾನೂರು ಐನೂರು ಜನ, ಹಿಂದೆ ಸಾಸೇಜ್ ಸುಡುವ ಹೊಗೆ. ಜನ ಕಡಿಮೆ ಇದ್ದುದರಿಂದ ಆಟಗಾರರ ಮಾತುಗಳೆಲ್ಲ ಕೇಳಿಸುತ್ತಿದ್ದವು. ಮೂವತ್ತು ದಾಟಿದ, ನಿಧಾನಗತಿಯ ಒಬ್ಬ ಸೆಂಟರ್ ಬ್ಯಾಕ್ ತೊಂಬತ್ತು ನಿಮಿಷವೂ ಬಾಯಿ ಮುಚ್ಚಲಿಲ್ಲ. ಚೆಂಡು ನಮ್ಮ ಕಡೆಯಿಂದ ಆಚೆ ಹೋದ ಕೂಡಲೇ ‘ರೌಸ್, ರೌಸ್’ ಎಂದು ಕೂಗಿ ಇಡೀ ಸಾಲನ್ನು ಹತ್ತು ಹೆಜ್ಜೆ ಮುಂದೆ ತರುತ್ತಿದ್ದ. ಯಾರ ಬೆನ್ನ ಹಿಂದೆಯಾದರೂ ಎದುರಾಳಿ ನುಸುಳಿದರೆ ‘ಹಿಂಟರ್‌ಮಾನ್’ ಎಂದು ಎಚ್ಚರಿಸುತ್ತಿದ್ದ. ಕಾರ್ನರ್ ಬಂದಾಗ ಪಕ್ಕದ ಹುಡುಗನ ಹೆಗಲು ಹಿಡಿದು ಅರ್ಧ ಹೆಜ್ಜೆ ಬಲಕ್ಕೆ ಸರಿಸಿದ, ಚೆಂಡು ಸರಿಯಾಗಿ ಆ ಹುಡುಗನ ಹಣೆಗೇ ಬಂತು. ಅವನು ಆ ದಿನ ಒಂದೇ ಒಂದು ಬಾರಿಯೂ ನೆಲಕ್ಕೆ ಬಿದ್ದು ಟ್ಯಾಕಲ್ ಮಾಡಿದ್ದನ್ನು ನಾನು ಕಾಣಲಿಲ್ಲ, ಏಕೆಂದರೆ ಅಂಥ ಪರಿಸ್ಥಿತಿ ಬರಲೇ ಇಲ್ಲ. ಪಂದ್ಯ ಮುಗಿದು ಅರ್ಧ ಗಂಟೆಗೆ ಅವನೇ ಕಿಟ್ ಚೀಲ ಹೆಗಲಿಗೇರಿಸಿಕೊಂಡು, ಹೆಂಡತಿ ಮಕ್ಕಳೊಂದಿಗೆ ಕಾರಿನ ಕಡೆ ನಡೆದ. ಸೋಮವಾರ ಬೆಳಿಗ್ಗೆ ಅವನಿಗೆ ಬೇರೆ ಕೆಲಸವಿತ್ತು.

ಆ ‘ಬೇರೆ ಕೆಲಸ’ದ ವಿಷಯಕ್ಕೇ ಬರುತ್ತೇನೆ, ನಿಮ್ಮ ಚಿಂತೆ ಇರುವುದೂ ಅಲ್ಲಿಯೇ. ಜರ್ಮನ್ ಫುಟ್‌ಬಾಲ್ ಸಂಸ್ಥೆಯ ನಿಯಮಗಳಲ್ಲಿ ಆಟಗಾರರು ಮೂರು ಬಗೆ. ಬರೀ ಹವ್ಯಾಸಿ ಒಬ್ಬ. ಕ್ಲಬ್ಬಿನೊಂದಿಗೆ ಬರಹದ ಕರಾರು ಮಾಡಿಕೊಂಡ ‘ಫೆರ್‌ಟ್ರಾಗ್ಸ್‌ಸ್ಪೀಲರ್’ ಅಂದರೆ ಕರಾರು ಆಟಗಾರ ಇನ್ನೊಬ್ಬ. ಮೇಲಿನ ಎರಡು ಬುಂಡೆಸ್‌ಲಿಗಾಗಳ ಲೈಸೆನ್ಸ್ ಹೊಂದಿದವನು ಮೂರನೆಯವನು. ಕರಾರು ಆಟಗಾರ ಎನಿಸಿಕೊಳ್ಳಲು ಬೇಕಾದ ಕನಿಷ್ಠ ಸಂಬಳದ ಗಡಿ ಬಹಳ ವರ್ಷ ತಿಂಗಳಿಗೆ 250 ಯೂರೊ ಮಾತ್ರವಾಗಿತ್ತು ಎಂದರೆ ಆ ಪದದೊಳಗೆ ಎಷ್ಟು ಬಗೆಯ ಜನ ಬರುತ್ತಾರೆ ಎಂಬುದು ತಿಳಿಯುತ್ತದೆ. ಮೂರನೆಯ ಲಿಗಾದ ಸೆಂಟರ್ ಬ್ಯಾಕ್ ಆಟದಿಂದಲೇ ಸಂಸಾರ ನಡೆಸಬಲ್ಲ. ರೆಗಿಯೊನಲ್‌ಲಿಗಾದಲ್ಲಿ ಅದು ಕ್ಲಬ್ಬಿನ ಮೇಲೆ ನಿಂತಿದೆ: ಬೆಳಿಗ್ಗೆ ಹತ್ತಕ್ಕೆ ಅಭ್ಯಾಸ ಇಟ್ಟುಕೊಳ್ಳುವ ಕ್ಲಬ್ ಪೂರ್ಣಾವಧಿ ಸಂಬಳ ಕೊಡುತ್ತದೆ, ಸಂಜೆ ಆರಕ್ಕೆ ಇಟ್ಟುಕೊಳ್ಳುವ ಕ್ಲಬ್ ಹಗಲಿನ ನೌಕರಿ ಇದೆಯೆಂದೇ ಭಾವಿಸುತ್ತದೆ. ಒಬರ್‌ಲಿಗಾದಲ್ಲಿ ಅಭ್ಯಾಸ ಸಾಮಾನ್ಯವಾಗಿ ಸಂಜೆಯೇ. ಸಂಬಳದ ಮೊತ್ತವನ್ನು ಬಾಯಿಬಿಟ್ಟು ಹೇಳದ ಕ್ಲಬ್ಬಿನ ಬಗ್ಗೆ ಏನಾದರೂ ತಿಳಿಯಬೇಕಾದರೆ ಅಭ್ಯಾಸದ ವೇಳಾಪಟ್ಟಿ ಕೇಳಿ, ಸಾಕು.

ಕರಾರಿನಲ್ಲಿ ಗಮನಿಸಬೇಕಾದದ್ದು ಮೊತ್ತಕ್ಕಿಂತ ಅವಧಿ. ಒಂದು ಅಥವಾ ಎರಡು ವರ್ಷದ ಕರಾರು, ಜೂನ್ 30ಕ್ಕೆ ಮುಕ್ತಾಯ; ಇದು ರೂಢಿ. ಜರ್ಮನಿಯಲ್ಲಿ ಬೇರೆ ನೌಕರರನ್ನು ಹೀಗೆ ಮತ್ತೆ ಮತ್ತೆ ನಿಗದಿತ ಅವಧಿಗೆ ನೇಮಿಸಿಕೊಳ್ಳಲು ಕಾನೂನು ಸುಲಭವಾಗಿ ಬಿಡುವುದಿಲ್ಲ. ಗೋಲ್‌ಕೀಪರ್ ಹೈಂಟ್ಸ್ ಮ್ಯುಲರ್ ಇದೇ ವಾದ ಹೂಡಿ ತಮ್ಮ ಕ್ಲಬ್ ಮೈನ್ಸ್ ವಿರುದ್ಧ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದ್ದರು, ಆದರೆ 2018ರ ಜನವರಿಯಲ್ಲಿ ಸರ್ವೋಚ್ಚ ಕಾರ್ಮಿಕ ನ್ಯಾಯಾಲಯವು ವೃತ್ತಿಪರ ಫುಟ್‌ಬಾಲಿನಲ್ಲಿ ಅವಧಿ ಕರಾರು ಸರಿಯೆಂದೇ ತೀರ್ಪಿತ್ತಿತು. ಇದರ ಜೊತೆಗೆ ‘ಈ ಕರಾರು ಇಂಥ ಲೀಗಿಗೆ ಮಾತ್ರ ಅನ್ವಯ’ ಎಂಬ ಒಂದು ಸಾಲು ಅನೇಕ ಕರಾರುಗಳಲ್ಲಿ ಇರುತ್ತದೆ. ತಂಡ ಕೆಳಗಿಳಿದರೆ ಎರಡು ವರ್ಷದ ಕರಾರು ಒಂದೇ ವರ್ಷಕ್ಕೆ ಗಾಳಿಗೆ ಹೋಗುತ್ತದೆ. ಮೊದಲ ಸಲ ಸಹಿ ಹಾಕುವ ಹುಡುಗರು ಆ ಸಾಲನ್ನು ಓದಿರುವುದೇ ಇಲ್ಲ.

ಕ್ಲಬ್ಬೇ ದಿವಾಳಿಯಾದರೆ? ಇದು ದೂರದ ಮಾತಲ್ಲ. ಶ್ಮಿಟ್ ಆಡಿದ ಆಖೆನ್ 2006ರಲ್ಲಿ ಬುಂಡೆಸ್‌ಲಿಗಾಕ್ಕೇ ಏರಿ, ಮರುವರ್ಷ ಇಳಿದು, 2009ರಲ್ಲಿ ಸುಮಾರು 33,000 ಜನ ಹಿಡಿಯುವ ಹೊಸ ಕ್ರೀಡಾಂಗಣ ಕಟ್ಟಿ, ಆ ಸಾಲದ ಹೊರೆಯಲ್ಲಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, 2017ರಲ್ಲಿ ಮತ್ತೊಮ್ಮೆ. ನಿಮ್ಮ ಉಲ್ಮ್ ತಂಡ 1999-2000ರಲ್ಲಿ ಒಂದು ಋತು ಬುಂಡೆಸ್‌ಲಿಗಾದಲ್ಲಿದ್ದು, 2001ರ ಹೊತ್ತಿಗೆ ಐದನೆಯ ದರ್ಜೆಗೆ ಬಿದ್ದಿತ್ತು, ಅಲ್ಲೂ ಕಾರಣ ಹಣವೇ. ಕ್ಲಬ್ ಮುಳುಗಿದರೆ ನಿಂತುಹೋದ ಸಂಬಳದಲ್ಲಿ ಮೂರು ತಿಂಗಳವರೆಗಿನದನ್ನು ಇತರ ನೌಕರರಂತೆ ಆಟಗಾರನೂ ಸರ್ಕಾರಿ ಉದ್ಯೋಗ ಸಂಸ್ಥೆಯಿಂದ ಒಂದು ಮಿತಿಯೊಳಗೆ ಪಡೆಯಬಹುದು. ಆಮೇಲಿನದು ಅವನ ಪಾಡು. ಕರಾರಿಲ್ಲದೆ ಬೇಸಿಗೆಗೆ ಕಾಲಿಟ್ಟವರಿಗಾಗಿ ಆಟಗಾರರ ಸಂಘವು 2003ರಿಂದ ಡ್ಯೂಸ್‌ಬರ್ಗ್‌ನಲ್ಲಿ ಒಂದು ಶಿಬಿರ ನಡೆಸುತ್ತಿದೆ. ಅಲ್ಲಿ ಒಟ್ಟಿಗೆ ಅಭ್ಯಾಸ ಮಾಡಿ, ಸ್ನೇಹಪರ ಪಂದ್ಯಗಳನ್ನಾಡಿ, ಯಾರಾದರೂ ಕರೆಯುತ್ತಾರೇನೋ ಎಂದು ಕಾಯುತ್ತಾರೆ. ನಿರುದ್ಯೋಗಿಗಳದೇ ಒಂದು ತಂಡ ಎನ್ನುವುದು ಕೇಳಲು ತಮಾಷೆಯಾಗಿ ಕಂಡರೂ, ಅಲ್ಲಿಗೆ ಹೋದವರಲ್ಲಿ ಹಲವರಿಗೆ ನಿಜಕ್ಕೂ ಹೊಸ ಕ್ಲಬ್ ಸಿಕ್ಕಿದೆ.

ಇಷ್ಟೆಲ್ಲ ಹೇಳಿ ನಿಮ್ಮ ಮಗನ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಡಿಫೆಂಡರ್‌ಗೆ ಒಂದು ಅನುಕೂಲವಿದೆ, ಅದು ಫಾರ್ವರ್ಡ್‌ಗೆ ಇಲ್ಲ: ಅವನು ತಡವಾಗಿ ಮಾಗಿದರೂ ನಡೆಯುತ್ತದೆ. ಯೋನಾಸ್ ಹೆಕ್ಟರ್ ಇಪ್ಪತ್ತರ ವಯಸ್ಸಿನವರೆಗೂ ಫ್ರಾನ್ಸ್ ಗಡಿಯ ಔಅರ್ಸ್‌ಮಾಖರ್ ಎಂಬ ತಮ್ಮ ಊರಿನ ಒಬರ್‌ಲಿಗಾ ತಂಡದಲ್ಲೇ ಇದ್ದರು. ಯಾವ ದೊಡ್ಡ ಅಕಾಡೆಮಿಯಲ್ಲೂ ಕಲಿತವರಲ್ಲ. 2010ರಲ್ಲಿ ಕಲೋನ್‌ನ ಎರಡನೆಯ ತಂಡಕ್ಕೆ ಸೇರಿ, ಎರಡು ವರ್ಷದಲ್ಲಿ ಮೊದಲ ತಂಡಕ್ಕೆ ಬಂದು, ಮಿಡ್‌ಫೀಲ್ಡಿನಿಂದ ಲೆಫ್ಟ್ ಬ್ಯಾಕ್ ಜಾಗಕ್ಕೆ ಸರಿದು, 2014ರ ನವೆಂಬರ್‌ನಲ್ಲಿ ಜರ್ಮನಿಗೆ ಆಡಿದರು. 2016ರ ಯೂರೊ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿ ವಿರುದ್ಧ ಒಂಬತ್ತನೆಯ ಪೆನಾಲ್ಟಿ ಹೊಡೆದು ಗೆಲ್ಲಿಸಿದ್ದು ಅವರೇ. 2018ರಲ್ಲಿ ಕಲೋನ್ ಕೆಳಗಿಳಿದಾಗ ರಾಷ್ಟ್ರೀಯ ತಂಡದ ಆಟಗಾರನಾಗಿದ್ದೂ ಕ್ಲಬ್ ಬಿಡಲಿಲ್ಲ, 2023ರಲ್ಲಿ ಅಲ್ಲೇ ನಿವೃತ್ತರಾದರು. ಹೈಡನ್‌ಹೈಮ್ ನಾಯಕ ಪಾಟ್ರಿಕ್ ಮೈಂಕಾ ಇನ್ನೂ ಹತ್ತಿರದ ಉದಾಹರಣೆ. ಡಾರ್ಟ್‌ಮುಂಡ್‌ನ ಎರಡನೆಯ ತಂಡದಲ್ಲಿ ನಾಲ್ಕನೆಯ ದರ್ಜೆಯಲ್ಲಿ ಆಡುತ್ತಿದ್ದ ಈ ಸೆಂಟರ್ ಬ್ಯಾಕನ್ನು ಶ್ಮಿಟ್ 2018ರಲ್ಲಿ ಕರೆತಂದರು. ಬುಂಡೆಸ್‌ಲಿಗಾದಲ್ಲಿ ಅವರ ಮೊದಲ ಪಂದ್ಯ 28ನೆಯ ವಯಸ್ಸಿನಲ್ಲಿ.

ನಿಮ್ಮ ಕುಟುಂಬಕ್ಕೆ ಮಾತ್ರ ಸಂಬಂಧಿಸಿದ ಒಂದು ವಿಷಯ ಬಾಕಿ ಇದೆ: ಪಾಸ್‌ಪೋರ್ಟ್. ಮೂರನೆಯ ಲಿಗಾದಲ್ಲಿ ಪ್ರತಿ ಪಂದ್ಯದ ಪಟ್ಟಿಯಲ್ಲೂ ಜರ್ಮನ್ ರಾಷ್ಟ್ರೀಯ ತಂಡಕ್ಕೆ ಆಡಲು ಅರ್ಹರಾದ, 23ರೊಳಗಿನ ಕನಿಷ್ಠ ನಾಲ್ವರು ಇರಬೇಕೆಂಬ ನಿಯಮವಿದೆ. ಆದ್ದರಿಂದ 19ರ ಜರ್ಮನ್ ಪಾಸ್‌ಪೋರ್ಟಿನ ಹುಡುಗ ಕ್ಲಬ್ಬಿಗೆ ಎರಡು ರೀತಿಯಲ್ಲಿ ಉಪಯುಕ್ತ. ಭಾರತದ ಪಾಸ್‌ಪೋರ್ಟಿನ ಹುಡುಗ ಎಷ್ಟೇ ಚೆನ್ನಾಗಿ ಆಡಿದರೂ ಆ ನಾಲ್ವರಲ್ಲಿ ಒಬ್ಬನಾಗಲಾರ. ಅಲ್ಲದೆ ಆಟಗಾರನೆಂಬ ನೆಲೆಯಲ್ಲೇ ವಾಸದ ಪರವಾನಗಿ ಪಡೆಯಬೇಕಾದರೆ ಸಂಬಳವು ಪಿಂಚಣಿ ವಂತಿಗೆಯನ್ನು ಲೆಕ್ಕ ಹಾಕುವ ಗರಿಷ್ಠ ಸಂಬಳದ ಮಿತಿಯ ಅರ್ಧದಷ್ಟಾದರೂ ಇರಬೇಕು, 2025ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 4,000 ಯೂರೊ. ಒಬರ್‌ಲಿಗಾದಲ್ಲಿ ಅದು ಆಗದ ಮಾತು. ನಿಮ್ಮ ಮಗ ಕುಟುಂಬದೊಂದಿಗೆ ಬಂದವನಾದ್ದರಿಂದ ಈ ತೊಡಕು ಅವನಿಗಿಲ್ಲ, ಆದರೆ ವೃತ್ತಿ ತರಬೇತಿಯನ್ನು ಬಿಟ್ಟರೆ ಮುಂದೆ ಅವನ ಸ್ವಂತ ವಾಸದ ಹಕ್ಕಿಗೆ ಅದರಿಂದ ಏನು ಪರಿಣಾಮ ಎಂಬುದನ್ನು ವಿದೇಶಿಗರ ಕಚೇರಿಯಲ್ಲಿ ಕೇಳಿಕೊಳ್ಳುವುದು ಅಗತ್ಯ. 2024ರ ಜೂನ್‌ನಿಂದ ಜರ್ಮನ್ ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷದ ವಾಸ ಸಾಕು. ಜರ್ಮನಿ ಎರಡು ಪೌರತ್ವಗಳನ್ನು ಒಪ್ಪಿದರೂ ಭಾರತ ಒಪ್ಪುವುದಿಲ್ಲವೆಂಬುದು ನಿಮಗೆ ಗೊತ್ತಿರುವ ಸಂಗತಿ. ಒಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದವರು ಭಾರತದ ರಾಷ್ಟ್ರೀಯ ತಂಡಕ್ಕೆ ಆಡುವಂತಿಲ್ಲ, ಆ ಬಾಗಿಲು ಆಗ ಮುಚ್ಚುತ್ತದೆ. ಇದು ಮನೆಯವರೆಲ್ಲ ಕುಳಿತು ತೀರ್ಮಾನಿಸಬೇಕಾದ ವಿಷಯ, ನಾನು ಹೇಳುವಂಥದ್ದಲ್ಲ.

ವೃತ್ತಿ ತರಬೇತಿಯ ಬಗ್ಗೆ ಮಾತ್ರ ಖಚಿತವಾಗಿ ಹೇಳಬಲ್ಲೆ: ಬಿಡಬೇಕಾಗಿಲ್ಲ. ಅವನನ್ನು ಕರೆದಿರುವುದು ಒಬರ್‌ಲಿಗಾ ಕ್ಲಬ್. ಅವನ ಜೊತೆಗೆ ಆಡಲಿರುವವರಲ್ಲಿ ಹೆಚ್ಚಿನವರು ಹಗಲು ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿ ಸಂಜೆ ಮೈದಾನಕ್ಕೆ ಬರುವವರು. ಹಗಲೆಲ್ಲ ಖಾಲಿ ಇಟ್ಟುಕೊಂಡು ಅವನು ಮಾಡುವುದೇನೂ ಇರುವುದಿಲ್ಲ. ಮೂರು ವರ್ಷದಲ್ಲಿ ತರಬೇತಿ ಮುಗಿದಾಗ ಅವನಿಗೆ 20 ವರ್ಷ, ಹೆಕ್ಟರ್ ಊರು ಬಿಟ್ಟು ಕಲೋನ್‌ಗೆ ಹೊರಟ ವಯಸ್ಸು. ಕ್ಲಬ್ಬಿನವರನ್ನು ಕಾಣಲು ಹೋದಾಗ ನೀವೂ ಜೊತೆಗೆ ಹೋಗಿ ಮೂರು ಸಂಗತಿ ಕೇಳಿ: ಅಭ್ಯಾಸ ಎಷ್ಟು ಗಂಟೆಗೆ, ತಂಡ ಕೆಳಗಿಳಿದರೆ ಕರಾರು ಉಳಿಯುತ್ತದೆಯೇ, ಮೊಣಕಾಲಿಗೆ ಪೆಟ್ಟಾದರೆ ಕಾನೂನುಬದ್ಧ ಅಪಘಾತ ವಿಮೆಯಲ್ಲಿ ಅವನ ಹೆಸರು ನೋಂದಾಯಿತವಾಗಿರುತ್ತದೆಯೇ. ಕೊನೆಯದಕ್ಕೆ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.